ಉಪವಾಸ ಅಲ್ಲ, ಉಪಾಶಿ

ನೀರು ಕೊಡುವುದಕ್ಕೂ ಅಪ್ಪಣೆ ಬೇಕು ಎಂಬುದು ನನಗೆ ಗೊತ್ತಾದದ್ದು ನರ್ಸ್ ಆದ ಮೇಲೆ. ಬಾಗಲಕೋಟೆ ಕಡೆಯ ನಮ್ಮ ಮನೆಯಲ್ಲಿ ಬಾಗಿಲಿಗೆ ಬಂದವರು ಯಾರೇ ಆಗಲಿ, ಮೊದಲು ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ. ಮಾತುಕತೆ ಏನಿದ್ದರೂ ಆಮೇಲೆ. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತು, ಮದುವೆಯಾಗಿ ಪುಣೆಗೆ ಬಂದು, ಇಲ್ಲಿನ ಒಂದು ಆಸ್ಪತ್ರೆಯ ಹೆಂಗಸರ ಆಪರೇಶನ್ ವಾರ್ಡಿಗೆ ಸೇರಿದಾಗ ನನ್ನ ಪಾಲಿಗೆ ಬಂದ ಮೊದಲ ಕೆಲಸಗಳಲ್ಲಿ ಒಂದೆಂದರೆ, ಮರುದಿನ ಆಪರೇಶನ್ ಇರುವವರ ಮಂಚಗಳ ಹತ್ತಿರ ಹೋಗಿ, ಮಧ್ಯರಾತ್ರಿಯ ನಂತರ ಏನೂ ತಿನ್ನುವಂತಿಲ್ಲ, ಒಂದು ಹನಿ ನೀರನ್ನೂ ಕುಡಿಯುವಂತಿಲ್ಲ ಎಂದು ತಾಕೀತು ಮಾಡುವುದು. ನನ್ನ ಹಿಂದಿನವರು ಹಾಗೆ ಮಾಡುತ್ತಿದ್ದರು, ಅವರ ಹಿಂದಿನವರೂ ಹಾಗೆಯೇ ಮಾಡುತ್ತಿದ್ದರು. ನಾನೂ ವರ್ಷಗಟ್ಟಲೆ ಹಾಗೆಯೇ ಮಾಡಿದೆ.

ಅದರ ಹಿಂದಿನ ಕಾರಣ ಸುಳ್ಳಲ್ಲ. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಅನ್ನ, ಹಾಲು, ಚಪಾತಿ ಹೊಟ್ಟೆಯೊಳಗೆ ಗಂಟೆಗಟ್ಟಲೆ ಕೂತಿರುತ್ತವೆ. ನೀರು ಹಾಗಲ್ಲ, ಬೇಗ ಇಳಿದುಹೋಗುತ್ತದೆ. ಅರಿವಳಿಕೆಗೆ ಎರಡು ಗಂಟೆ ಮೊದಲಿನವರೆಗೂ ಹೆಚ್ಚಿನ ರೋಗಿಗಳಿಗೆ ನೀರು, ಹಾಲು ಹಾಕದ ಚಹಾ ಕೊಡಬಹುದು ಎಂದು ವೈದ್ಯಲೋಕ ಪರೀಕ್ಷೆ ಮಾಡಿ ನೋಡಿ ಒಪ್ಪಿಕೊಂಡು ಬಹಳ ಕಾಲವಾಗಿದೆ. ನಮ್ಮ ವಾರ್ಡಿಗೆ ಆ ಸುದ್ದಿ ಇನ್ನೂ ಬಂದಿಲ್ಲ ಎಂದು ನಾನು ತಿಳಿದುಕೊಂಡಿದ್ದೆ. ಅದು ನನ್ನ ಭೋಳೇತನ.

ಮುಂದೆ ಹೇಳುವ ಮಾತುಗಳೆಲ್ಲ ಹೆಚ್ಚಾಗಿ ಮರಾಠಿಯಲ್ಲಿ ನಡೆದವು. ನಾನು ಅವನ್ನು ನಮ್ಮ ಕನ್ನಡದಲ್ಲೇ ಬರೆಯುತ್ತೇನೆ. ಇಷ್ಟು ವರ್ಷ ಪುಣೆಯಲ್ಲಿದ್ದರೂ ಯಾರು ಮರಾಠಿ ಮಾತಾಡಿದರೂ ನನ್ನ ತಲೆಯೊಳಗೆ ಅದು ಬಾಗಲಕೋಟೆಯ ಮಾತಾಗಿಯೇ ಕೂರುತ್ತದೆ.

ಸಾಸವಡದಿಂದ ಒಬ್ಬ ಅಜ್ಜಿ ಬಂದಿದ್ದರು. ಹರ್ನಿಯಾ ಆಪರೇಶನ್. ಕೊರಳಲ್ಲಿ ತುಳಸಿ ಮಾಲೆ, ಬಾಯಿ ತುಂಬ ಮಾತು. ಅವರ ಮನೆ ಪಾಲಖಿ ಹೋಗುವ ದಾರಿಯಲ್ಲೇ ಇತ್ತಂತೆ. ಆಷಾಢದಲ್ಲಿ ಪಂಢರಪುರಕ್ಕೆ ನಡೆದು ಹೋಗುವ ಜನ ಅವರ ಬಾಗಿಲ ಮುಂದೆ ಹಾಯುವಾಗ ಅಜ್ಜಿ ಹಂಡೆ ಇಟ್ಟುಕೊಂಡು ದಿನವಿಡೀ ನಿಂತು ನೀರು ಕೊಡುತ್ತಿದ್ದರಂತೆ. "ನಮ್ಮ ಬಾಗಲದಾಗಿಂದ ಬಾಯಿ ಒಣಗಿಸಿಕೊಂಡು ಹೋದಾಂವ ಒಬ್ಬನೂ ಇಲ್ಲ ನೋಡವ್ವಾ" ಎಂದು ಹೆಮ್ಮೆಯಿಂದ ಹೇಳಿಕೊಂಡಿದ್ದರು. ಮರುದಿನದ ಪಟ್ಟಿಯಲ್ಲಿ ಅವರ ಹೆಸರು ಎರಡನೆಯದು. ಆದರೆ ಬೆಳಿಗ್ಗೆ ಒಂದು ಅಪಘಾತದ ಕೇಸು ಬಂತು, ಆಮೇಲೆ ಯಾರದೋ ಪರಿಚಯದವರು ಬಂದರು, ಅಷ್ಟರಲ್ಲಿ ಸರ್ಜನ್‌ಗೆ ಬೇರೆ ಆಸ್ಪತ್ರೆಯಿಂದ ಕರೆ ಬಂತು. ಅಜ್ಜಿ ಪಟ್ಟಿಯಲ್ಲಿ ಕೆಳಕ್ಕೆ ಕೆಳಕ್ಕೆ ಇಳಿದರು.

ಮಧ್ಯಾಹ್ನ ಬಿಪಿ ನೋಡಲು ಹೋದಾಗ ಅವರ ಸೀರೆಯ ಸೆರಗು ತೊಯ್ದಿತ್ತು. ಮುಖ ತೊಳೆಯುವ ನೆಪದಲ್ಲಿ ಸೆರಗನ್ನು ಒದ್ದೆ ಮಾಡಿಕೊಂಡು ಬಂದು, ಹೊದಿಕೆಯೊಳಗೆ ಮುಖ ಹಾಕಿ ಅದನ್ನು ಚೀಪುತ್ತಿದ್ದರು. ನನ್ನನ್ನು ಕಂಡೊಡನೆ ಸೆರಗನ್ನು ದಿಂಬಿನಡಿ ತುರುಕಿ, ಕದ್ದು ಸಿಕ್ಕಿಬಿದ್ದವರ ಹಾಗೆ ಗೋಡೆ ಕಡೆ ತಿರುಗಿದರು. ನಾನು ನೋಡಲಿಲ್ಲ ಎಂಬಂತೆ ಬಂದುಬಿಟ್ಟೆ. ಆಗ ನಮ್ಮಲ್ಲಿ ಅಷ್ಟಾದರೂ ದಯೆ ಇತ್ತು. ಕಂಡರೂ ಕಾಣದ ಹಾಗೆ ಇರುವುದು. ನಮ್ಮ ವಾರ್ಡಿನ ಆಯಾಬಾಯಿಯಂತೂ ಗಂಟಲು ಒಣಗಿ ಕೆಮ್ಮುವವರಿಗೆ ಚಮಚದಲ್ಲಿ ನೀರು ಬಿಟ್ಟು ತನ್ನ ಪಾಡಿಗೆ ನೆಲ ಒರೆಸುತ್ತಿದ್ದಳು.

ಅಜ್ಜಿ ಸಂಜೆಯ ಹೊತ್ತಿಗೆ ಮತ್ತೆ ನಲ್ಲಿಯ ಹತ್ತಿರ ಹೋದರು. ಬಾಯಿ ಒಡ್ಡಲು ಬಗ್ಗಿದವರು ಅಲ್ಲೇ ತಲೆ ತಿರುಗಿ ಬಿದ್ದು ಹುಬ್ಬು ಒಡೆದುಕೊಂಡರು. ಆಪರೇಶನ್ ಆಗಲಿಲ್ಲ, ಹುಬ್ಬಿಗೆ ಹೊಲಿಗೆ ಬಿತ್ತು. ಮರುದಿನಕ್ಕೆಂದು ಅದೇ ರಾತ್ರಿ ಮತ್ತೆ ನೀರು ಬಂದ್. ರೌಂಡ್ಸಿಗೆ ಬಂದ ಸಣ್ಣ ಡಾಕ್ಟರು ಅವರ ಹಣೆಯ ಪಟ್ಟಿ ನೋಡಿ, "ಈ ಪೇಶಂಟ್ ಹೇಳಿದ ಮಾತ ಕೇಳೂದಿಲ್ರಿ" ಎಂದರು. ನನಗೆ ಮೈಯೆಲ್ಲ ಉರಿಯಿತು. ಅಜ್ಜಿ ಮಾತ್ರ ಆಪರೇಶನ್ ಮುಗಿಸಿಕೊಂಡು ಮನೆಗೆ ಹೋಗುವಾಗ ನನ್ನ ಕೈ ಹಿಡಿದು, "ತಪ್ಪಾತವ್ವಾ, ನನಗ ತಡಕೊಳ್ಳಾಕ ಆಗಲಿಲ್ಲ" ಎಂದರು. ಅವರು ಯಾವ ತಪ್ಪಿಗೆ ಕ್ಷಮೆ ಕೇಳಿದರು ಎಂದು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅದೇ ವರ್ಷ ವಿಮಾನ ನಗರದ ಒಂದು ಹೋಟೆಲ್ಲಿನಲ್ಲಿ ನರ್ಸುಗಳಿಗೆಂದು ಒಂದು ದಿನದ ತರಬೇತಿ ಇತ್ತು. ನನ್ನ ಸರದಿ ಬಂತು. ಎಸಿ ಹಾಲ್, ಕೂತಲ್ಲಿಗೇ ಬಾಟಲಿ ನೀರು. ವಿಷಯ ಏನೆಂದರೆ, ರೂಢಿಯಿಂದ ಮಾಡುವ ಕೆಲಸವನ್ನು ಬಿಟ್ಟು ಪುರಾವೆ ನೋಡಿ ಕೆಲಸ ಮಾಡಬೇಕು. ಮೇಡಂ ಒಬ್ಬರು ಪರದೆಯ ಮೇಲೆ ಒಂದೊಂದಾಗಿ ತೋರಿಸುತ್ತ ಹೋದರು. ಆಪರೇಶನ್ನಿಗೆ ಮೊದಲಿನ ನೀರಿನ ಮಾತು ಬಂದಾಗ ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೆ. ಸಾಸವಡದ ಅಜ್ಜಿಯ ಸೆರಗು ಕಣ್ಣ ಮುಂದೆ ಬಂತು. ಕೊನೆಗೆ ಎಲ್ಲರಿಗೂ ಒಂದು ಚೀಲ, ಒಂದು ಪೆನ್ನು, ಒಂದು ಸರ್ಟಿಫಿಕೇಟು ಕೊಟ್ಟರು. ಬಸ್ಸಿನಲ್ಲಿ ಮನೆಗೆ ಬರುವಾಗ ನಾನು ಒಳಗೊಳಗೇ ಭಾಷಣ ಸಿದ್ಧ ಮಾಡಿಕೊಳ್ಳುತ್ತಿದ್ದೆ.

ನನ್ನ ಯಜಮಾನರು ಮಾರ್ಕೆಟ್ ಯಾರ್ಡಿನ ಕಾಳಿನ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವರು. ಊಟಕ್ಕೆ ಕೂತಾಗ ಅವರಿಗೆ ಎಲ್ಲವನ್ನೂ ಹೇಳಿದೆ. ಅವರು ರೊಟ್ಟಿ ಮುರಿಯುತ್ತ, "ಮಂದಿಗೆ ನೀರು ಕುಡಸೂದೇ ನಿಮ್ಮ ಕೆಲಸ ಅಲ್ಲೇನು ಮತ್ತ? ಅದಕ್ಕ ಪರವಾನಗಿ ಯಾಕ ಬೇಕು?" ಎಂದರು.

"ಅದನ್ನ ನಮ್ಮ ಮೇಟ್ರನ್‌ಗೆ ಕೇಳ್ರಿ" ಎಂದೆ.

ಮೇಟ್ರನ್‌ಗೆ ಮರುದಿನ ನಾನೇ ಕೇಳಿದೆ. ಅವರು ಕೆಟ್ಟವರಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಪೂರ್ತಿ ಕೇಳಿಸಿಕೊಂಡರು. ಆಮೇಲೆ, ನೀರು ಕೊಡುವುದು ಬಿಡುವುದು ನಮ್ಮ ಕೈಯಲ್ಲಿಲ್ಲ, ಅರಿವಳಿಕೆ ಡಾಕ್ಟರನ್ನು ಕೇಳು ಎಂದರು. ಅರಿವಳಿಕೆ ಡಾಕ್ಟರ್ ನನ್ನ ಭಾಷಣ ಅರ್ಧಕ್ಕೆ ಬರುವ ಮೊದಲೇ ನಕ್ಕುಬಿಟ್ಟರು. "ಸಿಸ್ಟರ್, ಇದು ನಾ ಓದೂ ಕಾಲಕ್ಕೇ ನಮ್ಮ ಪುಸ್ತಕದಾಗ ಇತ್ತು" ಎಂದರು. ಹಾಗಾದರೆ ಏಕೆ ಕೊಡುವುದಿಲ್ಲ ಎಂದರೆ, "ಎರಡು ತಾಸು ಮೊದಲ ಅಂತೀರಿ. ಯಾವುದಕ್ಕ ಎರಡು ತಾಸು ಮೊದಲ? ಯಾರನ್ನ ಯಾವಾಗ ಒಳಗ ತಗೋತಾರ ಅನ್ನೂದು ನನಗ ಗೊತ್ತಿರೂದಿಲ್ಲ, ನಿಮಗೂ ಗೊತ್ತಿರೂದಿಲ್ಲ. ಸರ್ಜನ್‌ನ ಕೇಳ್ರಿ" ಎಂದರು. ಸರ್ಜನ್ ಕೈ ತೊಳೆಯುತ್ತಲೇ ಉತ್ತರ ಕೊಟ್ಟರು. ಅವರಿಗೂ ಗೊತ್ತಿತ್ತು. "ನೀವು ನೀರು ಕುಡಸ್ರಿ ಸಿಸ್ಟರ್, ನಾ ಬ್ಯಾಡ ಅನ್ನೂದಿಲ್ಲ. ಏನರ ಹೆಚ್ಚುಕಡಿಮಿ ಆದರ ಕೋರ್ಟಿಗೆ ಹೋಗಾವ್ರು ಯಾರು, ನೀವೋ ನಾನೋ? ಮೇಟ್ರನ್ ಏನಂತಾರ ಕೇಳ್ರಿ."

ಮತ್ತೆ ಮೇಟ್ರನ್ ಹತ್ತಿರಕ್ಕೇ ಬಂದು ನಿಂತೆ. ಎಲ್ಲರಿಗೂ ಗೊತ್ತಿದೆ, ಯಾರೂ ಬೇಡ ಎನ್ನುವುದಿಲ್ಲ, ಯಾರೂ ಹೂಂ ಎನ್ನುವುದಿಲ್ಲ. ಯಾರಿಗೂ ಗೊತ್ತಿಲ್ಲ ಎಂದಿದ್ದರೆ ನಾನು ಕಲಿಸುತ್ತಿದ್ದೆನೋ ಏನೋ. ಗೊತ್ತಿದ್ದವರಿಗೆ ಏನು ಕಲಿಸುವುದು? ಲೈಬ್ರರಿಯಿಂದ ಆ ಬರಹಗಳನ್ನು ತೆಗೆಸಿ ತೋರಿಸೋಣವೆಂದು ಹೋದರೆ ಬೀರುವಿಗೆ ಬೀಗ, ಕೀಲಿಕೈ ಇಟ್ಟುಕೊಂಡವರು ರಜೆಯಲ್ಲಿ. ನನ್ನ ಡ್ಯೂಟಿ ಮುಗಿಯುವ ಹೊತ್ತಿಗೆ ಅವರ ಆಫೀಸೂ ಮುಚ್ಚಿರುತ್ತಿತ್ತು. ಜೊತೆಯ ಸಿಸ್ಟರುಗಳು ನನ್ನನ್ನು ಕಂಡರೆ, "ಬಂದ್ಲು ನೋಡ್ರಿ ಪಾಣಿವಾಲಿ, ನೀರಿನಾಕಿ" ಎಂದು ಚೇಷ್ಟೆ ಮಾಡತೊಡಗಿದರು. ನಾನೂ ನಗುತ್ತಿದ್ದೆ. ಒಳಗೆ ಸಿಟ್ಟು ಕುದಿಯುತ್ತಿತ್ತು.

ನನ್ನ ನಾಲಿಗೆ ಸ್ವಲ್ಪ ಉದ್ದ. ಬೆನ್ನು ಹತ್ತಿದರೆ ಬಿಡುವವಳೂ ಅಲ್ಲ. ಆಪರೇಶನ್ ಕೋಣೆಯ, ಅಂದರೆ ಓಟಿಯ ಬಾಗಿಲಲ್ಲಿ, ಲಿಫ್ಟಿನಲ್ಲಿ, ಕ್ಯಾಂಟೀನಿನ ಸಾಲಿನಲ್ಲಿ ಆ ಅರಿವಳಿಕೆ ಡಾಕ್ಟರನ್ನು ಹಿಡಿದು ಹಿಡಿದು ಕಾಡಿದೆ. ಕಡೆಗೆ ಅವರು ಬೇಸತ್ತು ಒಪ್ಪಿದರು. ತಾವು ನೋಡುವ ರೋಗಿಗಳಿಗೆ ಮಾತ್ರ, ನಮ್ಮ ಒಂದು ವಾರ್ಡಿನಲ್ಲಿ ಮಾತ್ರ. ಬೆಳಿಗ್ಗೆ ಅವರೇ ಫೋನ್ ಮಾಡಿ ಯಾರನ್ನು ಯಾವಾಗ ತೆಗೆದುಕೊಳ್ಳುತ್ತೇವೆ ಎಂದು ಹೇಳುವುದು, ಅದಕ್ಕೆ ಎರಡು ತಾಸು ಮೊದಲಿನವರೆಗೆ ನೀರು, ಕರಿ ಚಹಾ ಕೊಡುವುದು. ಬರೆದು ಕೊಡಿ ಎಂದರೆ, "ಬರಿಯೂದೇನೂ ಬ್ಯಾಡ, ಮೊದಲ ನಡೀಲಿ" ಎಂದರು. ಬಾಯಿಮಾತಿನ ಅಪ್ಪಣೆಯಾದರೂ ಸಿಕ್ಕಿತಲ್ಲ ಎಂದು ನಾನು ಕುಣಿದುಬಿಟ್ಟೆ.

ಆಮೇಲಿನ ಆ ಕೆಲವು ತಿಂಗಳುಗಳನ್ನು ನೆನಪಿಸಿಕೊಳ್ಳುವುದು ನನಗೆ ಇಷ್ಟ, ಕಷ್ಟವೂ ಹೌದು. ವಾರ್ಡಿನ ಬೆಳಗು ಬೇರೆಯೇ ಆಗಿತ್ತು. ಆಪರೇಶನ್ನಿಗೆ ಹೋಗುವ ಹೆಂಗಸರು ಮಂಚದ ಮೇಲೆ ಕೂತು ಗ್ಲಾಸು ಹಿಡಿದುಕೊಂಡು ಒಬ್ಬರಿಗೊಬ್ಬರು ತಮ್ಮ ಮನೆಯ ಸುದ್ದಿ ಹೇಳುತ್ತಿದ್ದರು. ತಲೆನೋವು ಎನ್ನುವವರು ಕಡಿಮೆಯಾದರು. ಸಲೈನ್ ಹಚ್ಚಲು ಸೂಜಿ ಚುಚ್ಚುವಾಗ ನರ ಬೇಗ ಸಿಗುತ್ತಿತ್ತು. ಮೊದಲೆಲ್ಲ ಒಣಗಿದ ಕೈಗಳಲ್ಲಿ ನರ ಹುಡುಕಿ ಹುಡುಕಿ, ಎರಡು ಮೂರು ಕಡೆ ಚುಚ್ಚಿ, ಅವರಿಂದ ಬೈಸಿಕೊಳ್ಳುತ್ತಿದ್ದೆವು. ಪಾಣಿವಾಲಿ ಎಂದು ಆಡಿಕೊಂಡಿದ್ದ ಸಿಸ್ಟರೊಬ್ಬಳು ತಾನಾಗಿ ಬಂದು, "ಖರೇನ ಚಲೋ ಆತು" ಎಂದಳು. ನನಗೆ ತಲೆಯ ಮೇಲೆ ಕೋಡು ಮೂಡಿದಂತಾಗಿತ್ತು. ಸಾಸವಡದ ಅಜ್ಜಿ ಮತ್ತೊಮ್ಮೆ ಬರಲಿ ಎಂದು ಬಯಸುವುದು ನರ್ಸಿಗೆ ತರವಲ್ಲ, ಆದರೂ ಬಯಸಿದೆ.

ಆ ಹೊತ್ತಿಗೆ ನಮ್ಮ ವಾರ್ಡಿಗೆ ಒಬ್ಬ ಹೊಸ ಹುಡುಗಿ ಸೇರಿದಳು. ಹಾಸನದ ಕಡೆಯವಳು. ಕನ್ನಡದವಳು ಎಂದು ಗೊತ್ತಾದ ಕೂಡಲೇ ನನ್ನನ್ನು ಅಕ್ಕಾ ಎಂದು ಕರೆಯತೊಡಗಿದಳು. ಕೈ ಬಹಳ ಹಗುರ, ರೋಗಿಗಳಿಗೆ ಅವಳು ಸೂಜಿ ಹಾಕಿದ್ದೇ ತಿಳಿಯುತ್ತಿರಲಿಲ್ಲ. ಮರಾಠಿ ಮಾತ್ರ ಕೈಕಾಲು ಮುರಿದುಕೊಂಡು ಬರುತ್ತಿತ್ತು. ನೀರಿನ ವಿಷಯವನ್ನು ರೋಗಿಗಳಿಗೆ ಹೇಗೆ ಹೇಳಬೇಕೆಂದು ನಾನು ಅವಳಿಗೆ ಬಿಡಿಸಿ ಬಿಡಿಸಿ ಹೇಳಿಕೊಟ್ಟಿದ್ದೆ. ಊಟ ಬೇಡ, ನಾಷ್ಟಾ ಬೇಡ, ಹಾಲು ಬೇಡ, ಹಣ್ಣು ಬೇಡ, ನೀರು ಮತ್ತು ಕರಿ ಚಹಾ ಮಾತ್ರ ನಡೆಯುತ್ತದೆ, ಅದೂ ನಾವು ಸಾಕು ಎನ್ನುವವರೆಗೆ. ಉದ್ದನೆಯ ಮಾತು. ಆದರೆ ಪೂರ್ತಿ ವಾರ್ಡಿಗೆ ಒಬ್ಬಳೇ ಸಿಸ್ಟರ್ ಇರುವ ದಿನಗಳೇ ಹೆಚ್ಚು. ಒಂದು ಮಂಚದ ಹತ್ತಿರ ನಿಂತು ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಇನ್ನೊಂದು ಮಂಚದವರು ಕರೆಯುತ್ತಿದ್ದರು.

ಇಲ್ಲಿ ಒಂದು ಶಬ್ದದ ವಿಚಾರ ಹೇಳಬೇಕು. ನಮ್ಮ ಕನ್ನಡದಲ್ಲಿ ಹೊಟ್ಟೆಗಿಲ್ಲದೆ ಮಲಗಿದರೂ ಉಪವಾಸ, ದೇವರಿಗೆಂದು ಊಟ ಬಿಟ್ಟರೂ ಉಪವಾಸ. ಏಕಾದಶಿಗೆ ಅವಲಕ್ಕಿ ತಿನ್ನುವವರು ನಮ್ಮಲ್ಲೂ ಇದ್ದಾರೆ, ಆದರೆ ಆಸ್ಪತ್ರೆಯಲ್ಲಿ ಉಪವಾಸ ಎಂದರೆ ಯಾರೂ ಅವಲಕ್ಕಿಯನ್ನು ನೆನೆಸುವುದಿಲ್ಲ. ಮರಾಠಿಯಲ್ಲಿ ಹಾಗಲ್ಲ. ಬರೀ ಹೊಟ್ಟೆಯಲ್ಲಿದ್ದರೆ ಅದು ಉಪಾಶಿ. ಉಪವಾಸ ಬೇರೆಯೇ. ಅದಕ್ಕೆ ಅದರದೇ ಅಡುಗೆಯಿದೆ. ಶೇಂಗಾ ಪುಡಿ ಹಾಕಿ ತುಪ್ಪದಲ್ಲಿ ಹುರಿದ ಸಬ್ಬಕ್ಕಿಯ ಸಾಬೂದಾಣಿ ಖಿಚಡಿ, ಬಟಾಟೆ, ಖರ್ಜೂರ. ಊಟ ಇಲ್ಲ, ಆದರೆ ನೀರು ನಡೆಯುತ್ತದೆ, ಚಹಾ ನಡೆಯುತ್ತದೆ ಎಂದು ಪುಣೆಯ ಯಾವ ಹೆಂಗಸಿಗೆ ಹೇಳಿದರೂ ಅವಳಿಗೆ ನೆನಪಾಗುವುದು ಗುರುವಾರವೋ ಚತುರ್ಥಿಯೋ. ನಾವು ನೀರು ಬಂದ್ ಮಾಡುತ್ತಿದ್ದಷ್ಟು ದಿನ ಈ ಗೊಂದಲಕ್ಕೆ ಜಾಗವೇ ಇರಲಿಲ್ಲ. ನೀರು ಕೊಟ್ಟೆವು ನೋಡಿ, ಅಲ್ಲಿ ಬಾಗಿಲು ತೆರೆಯಿತು.

ಹುಡುಗಿ ಒಂದು ಸಂಜೆ ಅವಸರದಲ್ಲಿ ಒಬ್ಬ ಹೆಂಗಸಿಗೆ, ನಾಳೆ ಉಪವಾಸ, ಊಟ ಬೇಡ, ನೀರು ಚಹಾ ಪರವಾಗಿಲ್ಲ ಎಂದು ಮರಾಠಿಯಲ್ಲಿ ಹೇಳಿ ಮುಂದಿನ ಮಂಚಕ್ಕೆ ಓಡಿದಳು. ಆಕೆ ಹಡಪಸರ ಕಡೆ ತರಕಾರಿ ಮಾರುವವರು, ಗರ್ಭಕೋಶದ ಆಪರೇಶನ್ನಿಗೆ ಬಂದಿದ್ದರು. ಸಿಸ್ಟರ್ ಉಪವಾಸ ಇರಲು ಹೇಳಿದ್ದಾರೆ ಎಂದು ಮನೆಗೆ ಫೋನ್ ಮಾಡಿದರು. ಸೊಸೆ ನಸುಕಿನಲ್ಲೇ ಎದ್ದು ಬಿಸಿ ಬಿಸಿ ಖಿಚಡಿ ಮಾಡಿ ಡಬ್ಬಿ ತಂದಳು. ಆಪರೇಶನ್ ಸುಸೂತ್ರವಾಗಲಿ ಎಂದು ಅತ್ತೆಗೆ ಆಸ್ಪತ್ರೆಯವರೇ ಉಪವಾಸ ಹಿಡಿಸಿದ್ದಾರೆ ಎಂದು ಆ ಮನೆಯವರೆಲ್ಲ ಸಂತೋಷಪಟ್ಟಿದ್ದರಂತೆ. ಆಕೆ ದೇವರಿಗೆ ಕೈ ಮುಗಿದು, ಡಬ್ಬಿ ಖಾಲಿ ಮಾಡಿ, ಓಟಿಯ ಗಾಡಿ ಹತ್ತಿದರು.

ಒಳಗೆ ಅರಿವಳಿಕೆ ಡಾಕ್ಟರು ಎಂದಿನಂತೆ ಏನಾದರೂ ತಿಂದಿದ್ದೀರಾ ಎಂದು ಕೇಳಿದ್ದಕ್ಕೆ ಆಕೆ ನಿಷ್ಕಪಟವಾಗಿ, "ಫಕ್ತ ಉಪವಾಸಾಚಂ ಖಾಲ್ಲಂ" ಎಂದರಂತೆ. ಉಪವಾಸದ್ದಷ್ಟೇ ತಿಂದೆ ಅಂತ.

ಆಕೆಗೆ ಏನೂ ಆಗಲಿಲ್ಲ. ಅರಿವಳಿಕೆ ಕೊಡುವ ಮೊದಲೇ ಗೊತ್ತಾಯಿತಲ್ಲ, ಗಾಡಿ ಹಾಗೇ ತಿರುಗಿ ವಾರ್ಡಿಗೆ ಬಂತು. ಗಾಡಿಯ ಹಿಂದೆ ಸರ್ಜನ್ ಬಂದರು. ಅವರ ದನಿಗೆ ಇಡೀ ಮಹಡಿ ತಣ್ಣಗಾಯಿತು. ನೀರಿನ ಅಪ್ಪಣೆ ಯಾರು ಕೊಟ್ಟರು, ಎಲ್ಲಿ ಬರೆದಿದೆ ಎಂದು ಕೇಳಿದರು. ಬರೆದೇ ಇರಲಿಲ್ಲ. ಅರಿವಳಿಕೆ ಡಾಕ್ಟರು ನೆಲ ನೋಡುತ್ತ ನಿಂತರು. ನಾನು ಅವರ ಮುಖ ನೋಡುತ್ತಲೇ ಇದ್ದೆ. ಅವರು ತಲೆ ಎತ್ತಲಿಲ್ಲ.

ಮೇಟ್ರನ್ ಕೋಣೆಯಲ್ಲಿ ನಾನು ಎಷ್ಟು ಮಾತಾಡಿದೆ ಎಂದರೆ ಗಂಟಲು ಕೂತುಹೋಯಿತು. "ಮೇಡಂ, ನೀರಿನಿಂದ ಏನೂ ಆಗಿಲ್ರಿ. ಆಗಿದ್ದು ಒಂದು ಮಾತಿನಿಂದ. ಉಪವಾಸ ಅನ್ನೂ ಬದಲಿ ಉಪಾಶಿ ಅಂದಿದ್ರ ಮುಗೀತಿತ್ತು. ಶಬ್ದ ತಿದ್ದೂಣು, ನೀರು ಯಾಕ ಬಂದ್ ಮಾಡೂದು?" ಎಂದೆ.

ಅವರು ಕನ್ನಡಕ ತೆಗೆದು ಒರೆಸಿದರು. "ಖರೆ. ಆದರ ಶುರು ಆಗಿದ್ದು ನೀರಿನಿಂದನ ಅಲ್ಲೇನ?" ಎಂದರು.

ಒಂದು ವಿಧದಲ್ಲಿ ಅವರು ಹೇಳಿದ್ದೂ ಸರಿಯಾಗಿಯೇ ಇತ್ತು.

ಹುಡುಗಿಗೆ ಮೆಮೊ ಕೊಟ್ಟರು. ಅವಳು ಲಿನನ್ ಕೋಣೆಯಲ್ಲಿ ಬೆಡ್‌ಶೀಟುಗಳ ನಡುವೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. "ಅಷ್ಟುದ್ದ ಹೇಳೋಕೆ ಟೈಮ್ ಎಲ್ಲಿತ್ತು ಅಕ್ಕಾ? ಉಪವಾಸ ಅಂದ್ರೆ ಉಪವಾಸ ಅಲ್ವಾ? ಅದ್ರಲ್ಲೂ ತಿಂಡಿ ಇರುತ್ತೆ ಅಂತ ನಂಗೇನ್ ಗೊತ್ತು?" ಎಂದಳು. ಅವಳ ಬೆನ್ನು ಸವರುತ್ತ, ಏನೂ ಆಗುವುದಿಲ್ಲ ಬಿಡು ಎಂದೆ. ನಿಜಕ್ಕೂ ಅವಳಿಗೆ ಏನೂ ಆಗಲಿಲ್ಲ. ಆದದ್ದು ಬೇರೆ.

ಮೊದಲಿನ ಪದ್ಧತಿ ಹಾಗೆಯೇ ಹಿಂದಕ್ಕೆ ಬಂದಿದ್ದರೆ ನಾನು ಹೇಗೋ ಸುಧಾರಿಸಿಕೊಳ್ಳುತ್ತಿದ್ದೆ. ಬಂದದ್ದು ಮೊದಲಿಗಿಂತ ಬಿಗಿಯಾದದ್ದು. ವಾರ್ಡಿನ ಗೋಡೆಗೆ ಮರಾಠಿಯಲ್ಲಿ ದಪ್ಪ ಅಕ್ಷರದ ಬೋರ್ಡು ಬಂತು: ಉಪವಾಸ ಅಲ್ಲ, ಉಪಾಶಿ. ಉಪಾಶಿ ಎಂದರೆ ನೀರೂ ಇಲ್ಲ. ಆಪರೇಶನ್ ಇರುವವರ ಮಂಚದ ಪಕ್ಕದಿಂದ ಬಾಟಲಿ, ಗ್ಲಾಸು ಎಲ್ಲ ಎತ್ತಿಡತೊಡಗಿದರು. ಚಮಚದಲ್ಲಿ ನೀರು ಬಿಡುತ್ತಿದ್ದ ಆಯಾಬಾಯಿಯನ್ನು ಕರೆದು ಗದರಿಸಿದರು. ಆಕೆ ಅಂದಿನಿಂದ ಯಾರು ಕೆಮ್ಮಿದರೂ ತಿರುಗಿ ನೋಡಲಿಲ್ಲ. ಕಂಡರೂ ಕಾಣದ ಹಾಗೆ ಇರುತ್ತಿದ್ದೆವಲ್ಲ, ಆ ಒಂದು ಸಣ್ಣ ಸಂದು ಮೊದಲು ಇತ್ತು. ನಾನು ಹೋಗಿ ಅದನ್ನೂ ಮುಚ್ಚಿಸಿಕೊಟ್ಟಂತಾಯಿತು. ರೋಗಿಗಳಿಗೆ ಒಂದು ಗುಟುಕು ಹೆಚ್ಚು ಸಿಗಲಿ ಎಂದು ಹೊರಟಿದ್ದೆ. ಇದ್ದ ಒಂದು ಚಮಚವೂ ಹೋಯಿತು.

ಕೆಲವು ವಾರಗಳ ನಂತರ ನನ್ನನ್ನು ಹೊರರೋಗಿಗಳ ಇಂಜೆಕ್ಷನ್ ಕೋಣೆಗೆ ಹಾಕಿದರು. ಶಿಕ್ಷೆ ಎಂದು ಯಾರೂ ಹೇಳಲಿಲ್ಲ. ನಿಮಗೂ ವಯಸ್ಸಾಯಿತು, ಹಗಲಿನ ಡ್ಯೂಟಿಯೇ ಒಳ್ಳೆಯದು ಎಂದರು. ಅಲ್ಲಿಯೂ ರೂಢಿಯ ಕೆಲಸಗಳು ಸಾಕಷ್ಟಿದ್ದವು, ಇದನ್ನು ಹೀಗೇಕೆ ಮಾಡುತ್ತೇವೆ ಎಂದು ಕೇಳಬಹುದಾದಂಥವು. ನಾನು ಕೇಳಲಿಲ್ಲ. ವಿಮಾನ ನಗರದಲ್ಲಿ ಮತ್ತೆ ತರಬೇತಿ ಬಂದಾಗ ಬೇರೆಯವರನ್ನು ಕಳಿಸಿ ಎಂದೆ. ಮೊದಲ ಸಲ ಕೊಟ್ಟಿದ್ದ ಆ ಚೀಲದಲ್ಲಿ ಈಗ ನಮ್ಮ ಮನೆಗೆ ತರಕಾರಿ ಬರುತ್ತದೆ.

ಹುಡುಗಿ ಅದೇ ವಾರ್ಡಿನಲ್ಲಿ ಉಳಿದಳು. ಮೆಮೊ ಸಿಕ್ಕವರು ಎರಡು ಥರ ಆಗುತ್ತಾರೆ. ಕೆಲವರು ಕೆಲಸ ಬಿಡುತ್ತಾರೆ, ಕೆಲವರು ಬೆಂಕಿ ಮುಟ್ಟಿದವರ ಹಾಗೆ ಜಾಗರೂಕರಾಗುತ್ತಾರೆ. ಅವಳು ಎರಡನೆಯ ಥರದವಳಾದಳು. ಮರಾಠಿಯನ್ನು ಚೊಕ್ಕವಾಗಿ ಕಲಿತಳು. ನೀರಿನ ವಿಷಯದಲ್ಲಿ ಅವಳಷ್ಟು ಕಟ್ಟುನಿಟ್ಟಿನವರು ಇಡೀ ಆಸ್ಪತ್ರೆಯಲ್ಲಿ ಇನ್ನೊಬ್ಬರಿಲ್ಲ ಎಂದು ಸರ್ಜನ್ ಮೆಚ್ಚಿಕೊಂಡರು. ವಾರ್ಡಿನ ಇನ್‌ಚಾರ್ಜ್ ಮಾಡಿದರು. ನನಗೆ ಪೇಡೆ ತಂದುಕೊಟ್ಟು ಕಾಲು ಮುಟ್ಟಿದಳು. ಅವಳಿಗಾಗಿ ನನಗೆ ನಿಜವಾಗಿಯೂ ಸಂತೋಷವಾಯಿತು, ಪೇಡೆಯನ್ನು ಮಾತ್ರ ಬಾಯಿಗೆ ಹಾಕಿಕೊಳ್ಳದೆ ಮನೆಗೆ ಒಯ್ದೆ.

ಹೋದ ವರ್ಷ ನನ್ನ ಪಿತ್ತಕೋಶದಲ್ಲಿ ಕಲ್ಲು ಕಂಡಿತು. ನಮ್ಮ ಆಸ್ಪತ್ರೆಯಲ್ಲೇ ತೆಗೆಸುವುದು ಎಂದಾಯಿತು. ಅದೇ ವಾರ್ಡು, ಅದೇ ಗೋಡೆ, ಅದೇ ಬೋರ್ಡು ನನ್ನ ಮಂಚಕ್ಕೆ ಎದುರಾಗಿ. ಹುಡುಗಿ ನನಗೆ ಕಿಟಕಿ ಪಕ್ಕದ ಮಂಚ ಕೊಡಿಸಿದಳು, ಹೊಸ ಬೆಡ್‌ಶೀಟ್ ಹಾಸಿದಳು, ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ ಇರುವಂತೆ ನೋಡಿಕೊಂಡಳು. "ಬೆಳಿಗ್ಗೆ ಬೇಗ ಮುಗ್ಸಿಬಿಡ್ತಾರೆ ಅಕ್ಕಾ, ಏನೂ ಯೋಚ್ನೆ ಮಾಡ್ಬೇಡಿ" ಎಂದಳು. ಹಾಗೆ ಹೇಳುತ್ತಲೇ ನನ್ನ ಪಕ್ಕದಲ್ಲಿದ್ದ ಬಾಟಲಿಯನ್ನು ಎತ್ತಿಕೊಂಡು ಹೋದಳು.

ಬೆಳಿಗ್ಗೆ ಬೇಗ ಮುಗಿಯಲಿಲ್ಲ. ಹೊಟ್ಟೆಯ ಯಾವುದೋ ತುರ್ತು ಕೇಸು ಬಂತು. ಅದು ಮುಗಿಯುವಷ್ಟರಲ್ಲಿ ಇನ್ಯಾರೋ ಒಳಗೆ ಹೋದರು. ಮಧ್ಯಾಹ್ನದ ಊಟದ ಗಾಡಿ ಬಂದು ಬೇರೆಯವರಿಗೆ ಬಡಿಸಿ ಹೋಯಿತು. ಆ ಹೊತ್ತಿಗೆ ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಬಾಯಾರಿಕೆ ಎಂದರೆ ಏನು ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿದ್ದೆನಲ್ಲ, ನನಗೆ ಗೊತ್ತೇ ಇರಲಿಲ್ಲ. ಅದು ಗಂಟಲಿನಲ್ಲಿ ಇರುವುದಿಲ್ಲ. ತಲೆಯೊಳಗೆ ಹೋಗಿ ಕೂತುಕೊಂಡು ಬೇರೆ ಯಾವ ಯೋಚನೆಗೂ ಜಾಗ ಕೊಡುವುದಿಲ್ಲ. ಬಚ್ಚಲಿನಲ್ಲಿ ಯಾರೋ ನಲ್ಲಿ ಬಿಟ್ಟರೆ ಆ ಸದ್ದಿಗೆ ನನಗೆ ಅಳು ಬರುತ್ತಿತ್ತು.

ಪಕ್ಕದ ಮಂಚದಲ್ಲಿ ಮಗರಪಟ್ಟಾದಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳಿದ್ದಳು. ಅವಳಿಗೂ ಅದೇ ದಿನ ಆಪರೇಶನ್, ಅವಳೂ ಕಾಯುತ್ತಿದ್ದಳು. ಮೈಸೂರಿನವಳು. ನಾನು ಹುಡುಗಿಯ ಜೊತೆ ಕನ್ನಡ ಮಾತಾಡುವುದನ್ನು ಕೇಳಿ ಖುಷಿಯಾಗಿ ಪರಿಚಯ ಮಾಡಿಕೊಂಡಿದ್ದಳು. ಅವಳು ಮೊಬೈಲಿನಲ್ಲಿ ಏನೋ ಓದುತ್ತಿದ್ದವಳು ನನ್ನ ಕಡೆ ಹೊರಳಿದಳು.

"ಆಂಟಿ, ನೀವು ನರ್ಸ್ ಅಂದ್ರಲ್ಲ? ಇಲ್ಲಿ ನೋಡಿ, ಆಪರೇಶನ್‌ಗೆ ಎರಡು ಗಂಟೆ ಮುಂಚೆ ತನಕ ನೀರು ಕುಡೀಬಹುದು ಅಂತ ಹಾಕಿದಾರೆ. ನಿಜಾನಾ ಇದು?"

ಮೊಬೈಲನ್ನು ನನ್ನ ಮುಖದ ಹತ್ತಿರ ಹಿಡಿದಳು. ನಾನು ಓದಬೇಕಾಗಿರಲಿಲ್ಲ.

"ನಿಜ" ಎಂದೆ.

"ಹಂಗಾದ್ರೆ ಬಾತ್‌ರೂಮಲ್ಲಿ ಒಂಚೂರು ಕುಡ್ಕೊಂಡು ಬರ್ಲಾ? ನಂಗೆ ತಡ್ಕೊಳಕ್ಕೆ ಆಗ್ತಿಲ್ಲ."

ಅವಳು ಕುಡಿದರೆ ಒಳಗೆ ಹೋದಾಗ ಕೇಳುತ್ತಾರೆ. ಈ ಮಗು ನಿಜ ಹೇಳುತ್ತದೆ. ಹೇಳಿದರೆ ಗಾಡಿ ತಿರುಗಿ ಬರುತ್ತದೆ, ಇನ್ನೊಂದು ರಾತ್ರಿ, ಇನ್ನೊಂದು ಹಗಲು ಹೀಗೆಯೇ. ಹುಡುಗಿಗೆ ಇನ್ನೊಂದು ಮೆಮೊ. ಇಷ್ಟೆಲ್ಲ ನನ್ನ ತಲೆಯಲ್ಲಿ ಹಾದುಹೋಗಲು ಏನೂ ಹೊತ್ತಾಗಲಿಲ್ಲ.

"ಬ್ಯಾಡವ್ವಾ" ಎಂದೆ.

"ನಿಜ ಅಂದ್ರಲ್ಲ ಆಂಟಿ?"

"ನಿಜ ಅದ ಖರೆ, ಕುಡೀಬ್ಯಾಡ."

ಅವಳು ನನ್ನನ್ನೇ ನೋಡಿದಳು. ಆ ನೋಟ ನನಗೆ ಗೊತ್ತಿತ್ತು. ಮೇಟ್ರನ್ ಎದುರು, ಅರಿವಳಿಕೆ ಡಾಕ್ಟರ ಎದುರು, ಸರ್ಜನ್ ಎದುರು ನಿಂತು ಹಾಗೆ ನೋಡಿದವಳು ನಾನೇ. ಅವಳು ಮೊಬೈಲನ್ನು ಎದೆಯ ಮೇಲೆ ಬೋರಲು ಹಾಕಿಕೊಂಡು ಅತ್ತ ತಿರುಗಿ ಮಲಗಿದಳು.

ಆಮೇಲೆ ಹುಡುಗಿ ಬಂದಳು. ಇನ್ನೂ ಸ್ವಲ್ಪ ತಡವಾಗುತ್ತದೆ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ನನ್ನ ಮುಖ ನೋಡಿ ಒಳಗೆ ಹೋಗಿ ಗಾಜ್ ಬಟ್ಟೆಯ ತುಂಡೊಂದನ್ನು ನೀರಿನಲ್ಲಿ ಅದ್ದಿ ಹಿಂಡಿ ತಂದಳು. "ತುಟಿ ಒರೆಸ್ತೀನಿ ಅಕ್ಕಾ, ಇಷ್ಟು ಮಾಡ್ಬಹುದು" ಎಂದಳು. ಬೋರ್ಡಿಗೆ ಬೆನ್ನು ಮಾಡಿ ಮಂಚದ ಅಂಚಿನಲ್ಲಿ ಕೂತು, ಅದೇ ಹಗುರ ಕೈಯಿಂದ ಮೆಲ್ಲಗೆ ಒರೆಸಿದಳು. ತಣ್ಣಗಿತ್ತು. ಒರೆಸಿ ಮುಗಿಸಿ ಬಟ್ಟೆಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಹೋದರೆ ಅದು ಬರಲಿಲ್ಲ. ನಾನು ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಚೀಪುತ್ತಿದ್ದೆ.

ಅವಳು ಒಮ್ಮೆ ಬಾಗಿಲ ಕಡೆ ನೋಡಿದಳು. ಅವಳ ಕಣ್ಣು ತುಂಬಿತ್ತು.

"ಅಕ್ಕಾ, ಬಿಡಿ" ಎಂದಳು.

ಬಿಟ್ಟೆ.